ಶ್ರವಣ ಯಂತ್ರ ಸಿಳ್ಳೆ ಹೊಡೆಯುವುದೇಕೆ?

ಪ್ರಶ್ನೆ: ತಂದೆಯವರು ಬೆಟಗೇರಿಯಲ್ಲಿ ಮೂವತ್ತು ವರ್ಷ ವಿದ್ಯುತ್ ಮಗ್ಗ ನಡೆಸಿದವರು. ಕಿವಿ ಹಿಂದೆ ಹಾಕುವ ಅವರ ಶ್ರವಣ ಯಂತ್ರ ಈಗ ಒಂದೇ ಸಮನೆ ‘ಕುಂಯ್’ ಎನ್ನುತ್ತದೆ. ಕೆಟ್ಟಿದೆಯೇ? ಮಗ್ಗಕ್ಕೆ ಹೋಗುವ ತಮ್ಮ ಕಿವಿಗೆ ಅರಳೆ ಇಟ್ಟುಕೊಳ್ಳುತ್ತಾನೆ, ಸಾಕೆ?
– ಓದುಗರು, ಗದಗ

ಉತ್ತರ: ಕೆಟ್ಟಿರುವುದಕ್ಕಿಂತ ಸದ್ದು ಸೋರುತ್ತಿರುವ ಸಂಭವವೇ ಹೆಚ್ಚು. ಹೊರಗೆ ಸೋರಿದ ಸದ್ದು ಮತ್ತೆ ಮೈಕಿಗೆ ಸೇರಿದರೆ ಸಿಳ್ಳೆ ಹುಟ್ಟುತ್ತದೆ. ಯಂತ್ರ ಚಾಲೂ ಇರುವಾಗಲೇ ಕಿವಿಯ ಅಚ್ಚನ್ನು (ಕಿವಿಯೊಳಗೆ ಕೂರುವ ತುಂಡನ್ನು) ಹೊರತೆಗೆದು, ಅದರ ತೂತನ್ನು ಬೆರಳಿನಿಂದ ಒತ್ತಿ ಮುಚ್ಚಿ. ಸಿಳ್ಳೆ ನಿಂತರೆ ಅಚ್ಚು ಸಡಿಲಾಗಿದೆ ಅಥವಾ ಕಿವಿಯಲ್ಲಿ ಗುಗ್ಗೆ ತುಂಬಿದೆ. ನಿಲ್ಲದಿದ್ದರೆ ಅಚ್ಚಿಗೂ ಯಂತ್ರಕ್ಕೂ ನಡುವಿನ ಕೊಳವೆ ಬಿಡಿಸಿ, ಅದು ಸಿಕ್ಕಿಕೊಂಡಿದ್ದ ಯಂತ್ರದ ಕೊಕ್ಕೆಯ ತೂತು ಮುಚ್ಚಿ ನೋಡಿ. ಈಗ ನಿಂತರೆ ಕೊಳವೆ ಸೀಳಿದೆ; ಆಗಲೂ ಕೂಗಿದರೆ ಮಾತ್ರ ರಿಪೇರಿಗೆ ಕೊಡಿ. ಹಳದಿಯಾಗಿ ಬಿರುಸಾದ ಕೊಳವೆಯನ್ನು ಹೇಗಿದ್ದರೂ ಬದಲಿಸಬೇಕು. ಗುಗ್ಗೆಯನ್ನು ವೈದ್ಯರೇ ತೆಗೆಯಲಿ, ಪಿನ್ನು, ಕೀಲಿಕೈ ಬೇಡವೇ ಬೇಡ. ಸಿಳ್ಳೆಗೆ ಬೇಸತ್ತು ವಾಲ್ಯೂಮ್ ಇಳಿಸುವವರೇ ಹೆಚ್ಚು. ಆಗ ಮಾತೂ ಕೇಳುವುದಿಲ್ಲ!

ಅರಳೆಯಿಂದ ಹೆಚ್ಚೇನೂ ಪ್ರಯೋಜನವಿಲ್ಲ. ಫೋಮ್ ಇಯರ್‌ಪ್ಲಗ್ ತರಿಸಿ. ಅದನ್ನು ಬತ್ತಿಯಂತೆ ಸಣ್ಣಗೆ ಹೊಸೆದು, ಇನ್ನೊಂದು ಕೈಯನ್ನು ತಲೆಯ ಮೇಲಿಂದ ತಂದು ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆದು ಒಳಗಿಟ್ಟು, ಅರ್ಧ ನಿಮಿಷ ಒತ್ತಿ ಹಿಡಿಯಬೇಕು. ಸರಿಯಾಗಿ ಕೂತರೆ ತನ್ನ ದನಿಯೇ ತನಗೆ ಗುಂಯ್‌ಗುಟ್ಟುತ್ತದೆ. ತಮ್ಮನಿಗೂ ಆಡಿಯೋಗ್ರಾಮ್ (ಯಾವ ಸ್ವರ ಎಷ್ಟು ಕೇಳುತ್ತದೆಂದು ಗೆರೆಯಲ್ಲಿ ತೋರಿಸುವ ಕಿವಿ ಪರೀಕ್ಷೆ) ಮಾಡಿಸಿ. ಸದ್ದಿನ ಪೆಟ್ಟು ಮೊದಲು ಕಾಣುವುದು 4000 ಹರ್ಟ್ಸ್ ಆಸುಪಾಸಿನ ಕೀರಲು ಸ್ವರಗಳಲ್ಲಿ. ಮಾತು ಚೆನ್ನಾಗಿ ಕೇಳುತ್ತಿರುವಾಗಲೇ ಅಲ್ಲಿ ಗೆರೆ ಕುಸಿದಿರುತ್ತದೆ. ರಜೆಯ ಮರುದಿನ, ಮಗ್ಗಕ್ಕೆ ಹೋಗುವ ಮೊದಲೇ ಪರೀಕ್ಷೆಗೆ ಹೋಗಲಿ. ದುಡಿದು ದಣಿದ ಕಿವಿ ಇರುವುದಕ್ಕಿಂತ ಹೆಚ್ಚು ನಷ್ಟ ತೋರಿಸುತ್ತದೆ.