ಹುಡುಕೋದಕ್ಕೆ ಪದ ಸಾಕಲ್ವಾ, ಅರ್ಥ ಯಾಕೆ ಬೇಕು?

ನೀವು ಭಾಷಾವಿಜ್ಞಾನದಲ್ಲಿ ಎಂಎ ಮಾಡುತ್ತಿದ್ದೀರಿ, ಅದರಲ್ಲೂ ಅರ್ಥವಿಜ್ಞಾನ ನಿಮಗೆ ತುಂಬಾ ಹಿಡಿಸಿದೆ. ಮುಂದೆ ಮಾಹಿತಿ ಹುಡುಕಾಟದ ಕ್ಷೇತ್ರಕ್ಕೆ ಬರುವ ಆಸೆ ಇದೆ. ಆದರೆ 'ಸರ್ಚ್ ಅಂದರೆ ಬರೀ ಪದಗಳ ಲೆಕ್ಕ, ಅರ್ಥ ಓದಿದವರಿಗೆ ಅಲ್ಲಿ ಏನು ಕೆಲಸ' ಎಂದು ಯಾರೋ ಹೇಳಿದ್ದಾರೆ. ಅದು ನಿಜವಾ ಎಂದು ಕೇಳಿದ್ದೀರಿ.

ನಿಜ ಅಲ್ಲ. ದಾಖಲೆ ಸಂಗ್ರಹಗಳಿಗೆ ಸರ್ಚ್ ಕಟ್ಟುವ ಕೆಲಸವನ್ನು ನಾನು ಹಲವು ವರ್ಷ ಮಾಡಿದ್ದೇನೆ. ಲೆಕ್ಕ ಬೇಕೇ ಬೇಕು. ಆದರೆ ಯಾವುದನ್ನು ಎಣಿಸಬೇಕು, ಯಾವ ಎರಡು ಪದಗಳನ್ನು ಒಂದೇ ಎಂದು ಹಿಡಿಯಬೇಕು, ಯಾವುದನ್ನು ಎಂದೂ ಒಂದು ಮಾಡಬಾರದು, ಇವೆಲ್ಲ ಅರ್ಥದ ಪ್ರಶ್ನೆಗಳೇ.

ನನಗೆ ಇದು ಮನಸ್ಸಿಗೆ ಇಳಿದದ್ದು ಒಂದು ಸಣ್ಣ ಸಂಗತಿಯಿಂದ. ಒಂದು ಸಂಸ್ಥೆಯ ಕನ್ನಡ ದಾಖಲೆಗಳಿಗೆ ಸರ್ಚ್ ಮಾಡಿಕೊಟ್ಟಿದ್ದೆವು. ಕೆಲವು ವಾರ ಆದ ಮೇಲೆ, ಏನೂ ಸಿಗದೆ ಸೊನ್ನೆ ಬಂದ ಹುಡುಕಾಟಗಳ ಪಟ್ಟಿ ತೆಗೆದು ಓದುತ್ತಾ ಕೂತೆ. ಹಲವರು 'ಸಂಬಳ' ಎಂದು ಹುಡುಕಿದ್ದರು. ಸಂಬಳದ ಬಗ್ಗೆ ಅಲ್ಲಿ ರಾಶಿ ಕಾಗದ ಇತ್ತು. ಆದರೆ ಎಲ್ಲದರಲ್ಲೂ 'ವೇತನ' ಎಂದೇ ಬರೆದಿತ್ತು. ಕೇಳುವವರ ಕನ್ನಡ ಒಂದು, ಕಾಗದದ ಕನ್ನಡ ಇನ್ನೊಂದು. ಸೊನ್ನೆ ನೋಡಿದವರಲ್ಲಿ ಹೆಚ್ಚಿನವರು ಬೇರೆ ಪದ ಹಾಕಿ ನೋಡಿರಲಿಲ್ಲ. ಇಲ್ಲವೇ ಇಲ್ಲ ಅಂದುಕೊಂಡು ಹೋಗಿಬಿಟ್ಟಿದ್ದರು. ಅದು ನನಗೆ ಇವತ್ತಿಗೂ ಬೇಜಾರಿನ ವಿಷಯ.

ಇದನ್ನೇ ದೊಡ್ಡದಾಗಿ ತೋರಿಸಿದ ಪ್ರಯೋಗ ಒಂದಿದೆ. 1985ರಲ್ಲಿ ಅಮೆರಿಕದ ಡೇವಿಡ್ ಬ್ಲೇರ್ ಮತ್ತು ಎಂ. ಇ. ಮ್ಯಾರನ್ ಅದನ್ನು ಪ್ರಕಟಿಸಿದರು. ಒಂದು ದೊಡ್ಡ ಮೊಕದ್ದಮೆಗೆ ಸೇರಿದ ಸುಮಾರು 40,000 ದಾಖಲೆಗಳು ಕಂಪ್ಯೂಟರ್‌ನಲ್ಲಿದ್ದವು. ಐಬಿಎಂನ ಸ್ಟೇರ್ಸ್ ಎಂಬ ವ್ಯವಸ್ಥೆಯಲ್ಲಿ ವಕೀಲರು ತಮಗೆ ಬೇಕಾದ್ದನ್ನು ಹುಡುಕಿಸುತ್ತಿದ್ದರು. ಬೇಕಾದ ದಾಖಲೆಗಳಲ್ಲಿ ನೂರಕ್ಕೆ 75ರಷ್ಟಾದರೂ ಕೈಗೆ ಬಂದಿವೆ ಎಂದು ಅವರು ನಂಬಿದ್ದರು. ಪರೀಕ್ಷೆ ಮಾಡಿ ನೋಡಿದರೆ ಬಂದಿದ್ದು ಸರಾಸರಿ ಸುಮಾರು 20 ಮಾತ್ರ. ಕಾರಣ ಕೇಳಿದರೆ ಅರ್ಥವಿಜ್ಞಾನ ಓದಿದವರಿಗೆ ಮೈ ಜುಮ್ಮೆನ್ನಬೇಕು. ಒಂದು ಅಪಘಾತದ ಬಗ್ಗೆ ಹುಡುಕುತ್ತಿದ್ದರು. ಅದರಲ್ಲಿ ಸಿಕ್ಕಿಕೊಂಡವರು ತಮ್ಮ ಪತ್ರಗಳಲ್ಲಿ 'ಅಪಘಾತ' ಎಂಬ ಪದವನ್ನೇ ಬಳಸುತ್ತಿರಲಿಲ್ಲ. 'ದುರದೃಷ್ಟದ ಪರಿಸ್ಥಿತಿ', 'ತೊಂದರೆ' ಎಂದೆಲ್ಲ ಬರೆಯುತ್ತಿದ್ದರು. ಕೆಲವು ಕಡೆ ಸುಮ್ನೆ 'ನಿಮ್ಮ ಹಿಂದಿನ ಪತ್ರದ ವಿಷಯ'. ತಪ್ಪು ಯಾರದ್ದು ಎನ್ನುವುದರ ಮೇಲೆ ಪದ ಬದಲಾಗುತ್ತಿತ್ತು. ಯಾವ ನಿಘಂಟು ತಾನೇ 'ತೊಂದರೆ'ಯನ್ನು 'ಅಪಘಾತ'ದ ಸಮಾನಪದ ಎಂದು ಕೊಡುತ್ತದೆ?

ಇದಾದ ಎರಡು ವರ್ಷಕ್ಕೆ, 1987ರಲ್ಲಿ, ಜಾರ್ಜ್ ಫರ್ನಾಸ್ ಮತ್ತು ಜೊತೆಗಾರರು ಇನ್ನೊಂದು ಅಳತೆ ಕೊಟ್ಟರು. ಒಂದೇ ವಸ್ತುವಿಗೆ ಇಬ್ಬರು ತಾವಾಗಿ ಒಂದೇ ಹೆಸರು ಆರಿಸುವ ಸಾಧ್ಯತೆ ನೂರಕ್ಕೆ 20ಕ್ಕಿಂತ ಕಡಿಮೆ. ಪದ ಹೊಂದಿಸಿದರೆ ಸಾಕು ಎನ್ನುವವರಿಗೆ ಈ ಒಂದು ಅಂಕಿ ಹೇಳಿ.

ಹಾಗಾದರೆ ಸಮಾನಪದಗಳ ಪಟ್ಟಿ ಕೊಟ್ಟರೆ ಮುಗಿಯಿತಲ್ಲ ಅನ್ನಿಸುತ್ತೆ. ನಾವೂ ಅದನ್ನೇ ಮಾಡಿದ್ದೆವು. ಸಂಬಳ, ವೇತನ, ಪಗಾರ ಒಂದೇ ಎಂದು ಬರೆದೆವು. ಅದು ಚೆನ್ನಾಗಿ ಕೆಲಸ ಮಾಡಿತು. ಅದೇ ಧೈರ್ಯದಲ್ಲಿ 'ಮನೆ' ಮತ್ತು 'ಗೃಹ' ಒಂದೇ ಎಂದೂ ಸೇರಿಸಿದೆವು. ಮನೆ ಕಟ್ಟುವ ನಿಯಮ ಹುಡುಕಿದವರಿಗೆ ಗೃಹ ಸಚಿವರ ಭಾಷಣ, ಪೊಲೀಸರ ವರ್ಗಾವಣೆ ಎಲ್ಲ ಬರತೊಡಗಿತು. 'ಗೃಹ ಪ್ರವೇಶ'ದಲ್ಲಿ ಗೃಹ ಎಂದರೆ ಮನೆ. 'ಗೃಹ ಇಲಾಖೆ'ಯಲ್ಲಿ ಅಲ್ಲ. ಎರಡು ಪದ ಒಂದೇ ಅನ್ನುವುದು ಪದಗಳ ಬಗ್ಗೆ ಹೇಳುವ ಮಾತಲ್ಲ, ಅವು ಕೂತಿರುವ ಜಾಗದ ಬಗ್ಗೆ ಹೇಳುವ ಮಾತು. ಇದನ್ನು ನೀವು ತರಗತಿಯಲ್ಲೇ ಓದಿರುತ್ತೀರಿ. ನಾನು ದೂರು ಬಂದ ಮೇಲೆ ಕಲಿತೆ.

ಇನ್ನು 'ಲೆಕ್ಕ ಬೇರೆ, ಅರ್ಥ ಬೇರೆ' ಎಂಬ ಮಾತಿಗೆ ಬರುತ್ತೇನೆ. ಇಲ್ಲಿ ಕರೆನ್ ಸ್ಪಾರ್ಕ್ ಜೋನ್ಸ್ ಅವರ ಬಗ್ಗೆ ಹೇಳಲೇಬೇಕು. ಅವರು ನನಗೆ ತುಂಬಾ ಪ್ರೀತಿಯ ವಿದ್ವಾಂಸೆ. ಮಾರ್ಗರೆಟ್ ಮಾಸ್ಟರ್‌ಮನ್ ಎಂಬವರು ಕೇಂಬ್ರಿಡ್ಜ್‌ನಲ್ಲಿ ಒಂದು ಭಾಷಾ ಸಂಶೋಧನಾ ಕೇಂದ್ರ ನಡೆಸುತ್ತಿದ್ದರು. ಪದದ ಅರ್ಥವನ್ನು ಅದರ ಬಳಕೆಯಲ್ಲಿ ನೋಡಿ ಎಂದ ತತ್ವಜ್ಞಾನಿ ವಿಟ್ಗೆನ್‌ಸ್ಟೈನ್ ಅವರ ಪಾಠ ಕೇಳಿದವರು ಅವರು. ಸ್ಪಾರ್ಕ್ ಜೋನ್ಸ್ ಕೆಲಸ ಶುರು ಮಾಡಿದ್ದು ಅದೇ ಕೇಂದ್ರದಲ್ಲಿ. 1964ರ ಅವರ ಪಿಎಚ್‌ಡಿ ಪ್ರಬಂಧದ ವಿಷಯವೇ ಸಮಾನಾರ್ಥ. ಅಂದರೆ ಅವರು ಹೊರಟಿದ್ದು ನಿಮ್ಮ ವಿಷಯದಿಂದಲೇ.

1972ರಲ್ಲಿ ಅವರು ಒಂದು ಪ್ರಶ್ನೆ ಎತ್ತಿಕೊಂಡರು. 'ವಾಹನ'ಕ್ಕಿಂತ 'ಸೈಕಲ್' ಹೆಚ್ಚು ಖಚಿತ ಪದ, ಅಲ್ವಾ? ಈ ಖಚಿತತೆಯನ್ನು ಅಳೆಯುವುದು ಹೇಗೆ? ಪದದ ಅರ್ಥವನ್ನು ಬಿಡಿಸಿ ನೋಡಬೇಕಿಲ್ಲ, ಅದು ಎಷ್ಟು ದಾಖಲೆಗಳಲ್ಲಿ ಬಳಕೆಯಾಗಿದೆ ಎಂದು ನೋಡಿ ಎಂದರು. ಒಟ್ಟು ದಾಖಲೆಗಳ ಸಂಖ್ಯೆಯನ್ನು ಆ ಪದ ಇರುವ ದಾಖಲೆಗಳ ಸಂಖ್ಯೆಯಿಂದ ಭಾಗಿಸಿ, ಬಂದದ್ದರ ಲಾಗರಿತಮ್ ತೆಗೆದರೆ ಅದೇ ಆ ಪದದ ತೂಕ. 10 ಲಕ್ಷ ದಾಖಲೆಗಳಿವೆ ಅನ್ನಿ. 'ಮತ್ತು' ಎಲ್ಲದರಲ್ಲೂ ಇದ್ದರೆ 10 ಲಕ್ಷವನ್ನು 10 ಲಕ್ಷದಿಂದ ಭಾಗಿಸಿ 1, ಅದರ ಲಾಗರಿತಮ್ 0. ಆ ಪದಕ್ಕೆ ತೂಕವೇ ಇಲ್ಲ. ಇನ್ನೊಂದು ಪದ 100 ದಾಖಲೆಗಳಲ್ಲಿ ಮಾತ್ರ ಇದ್ದರೆ ಭಾಗಿಸಿದಾಗ 10,000, ಹತ್ತರ ಲಾಗರಿತಮ್‌ನಲ್ಲಿ ತೂಕ 4. ಅಷ್ಟೇ. ಪದಗಳನ್ನು ಎಣಿಸಿ ಹುಡುಕುವ ವ್ಯವಸ್ಥೆಗಳಲ್ಲಿ ಇಂದಿಗೂ ಈ ತೂಕ ಒಂದಲ್ಲ ಒಂದು ರೂಪದಲ್ಲಿ ಇದ್ದೇ ಇದೆ. ನಿಮ್ಮ ಪರಿಚಿತರು 'ಬರೀ ಲೆಕ್ಕ' ಅಂದಿದ್ದು ಇದನ್ನೇ ಇರಬೇಕು. ಅರ್ಥದ ಬಗ್ಗೆ ವರ್ಷಗಟ್ಟಲೆ ಯೋಚಿಸಿದವರ ಕೈಯಿಂದ ಬಂದ ಲೆಕ್ಕ ಅದು.

ಮುಂದಿನ ಹೆಜ್ಜೆಗಳನ್ನು ಬೇಗ ಹೇಳುತ್ತೇನೆ. ಒಂದೇ ಬಗೆಯ ಸಂದರ್ಭಗಳಲ್ಲಿ ಬರುವ ಪದಗಳು ಅರ್ಥದಲ್ಲೂ ಹತ್ತಿರ ಎಂದು ಭಾಷಾವಿಜ್ಞಾನಿ ಜೆಲಿಗ್ ಹ್ಯಾರಿಸ್ 1954ರಲ್ಲೇ ವಾದಿಸಿದ್ದರು. 2013ರಲ್ಲಿ ಗೂಗಲ್‌ನ ಟೊಮಾಸ್ ಮಿಕೊಲೋವ್ ಮತ್ತು ಜೊತೆಗಾರರು ತಂದ ವರ್ಡ್‌ಟುವೆಕ್ ಇದೇ ವಿಚಾರದ ಮೇಲೆ ನಿಂತಿದೆ. ಪ್ರತಿ ಪದವೂ ಅಂಕಿಗಳ ಒಂದು ಸಾಲು, ಅಂದರೆ ವೆಕ್ಟರ್. ಸಂಬಳ ಮತ್ತು ವೇತನ ತಾವಾಗಿಯೇ ಹತ್ತಿರ ಬಂದು ಕೂರುತ್ತವೆ. ಈಗಿನ ಭಾಷಾ ಮಾದರಿಗಳು ಒಂದು ಹೆಜ್ಜೆ ಮುಂದೆ ಹೋಗಿ, ಆಯಾ ವಾಕ್ಯದಲ್ಲಿ ಪದಕ್ಕಿರುವ ಅರ್ಥವನ್ನೂ ನೋಡುತ್ತವೆ.

ಆದರೆ ಹತ್ತಿರ ಇರುವುದು ಬೇರೆ, ಒಂದೇ ಆಗಿರುವುದು ಬೇರೆ. ನಿಮ್ಮ ನಿಜವಾದ ಕೆಲಸ ಇಲ್ಲಿದೆ, ಅದಕ್ಕೇ ಇಲ್ಲಿ ಸ್ವಲ್ಪ ಜಾಸ್ತಿ ಹೇಳುತ್ತೇನೆ. 'ದರ ಹೆಚ್ಚಾಯಿತು', 'ದರ ಕಡಿಮೆಯಾಯಿತು'. ಹೆಚ್ಚು, ಕಡಿಮೆ ಎರಡೂ ಬರುವ ಸಂದರ್ಭ ಒಂದೇ. ಹಾಗಾಗಿ ವೆಕ್ಟರ್‌ನಲ್ಲಿ ಅವು ಅಕ್ಕಪಕ್ಕದ ಮನೆಯವರು. ಹುಡುಕುವವರಿಗೆ ಅವು ಎದುರು ಬದುರು.

ಕನ್ನಡದಲ್ಲಿ 'ಇಲ್ಲ' ಎನ್ನುವ ಅರ್ಥ ಕ್ರಿಯಾಪದದ ಹೊಟ್ಟೆಯೊಳಗೇ ಇರುತ್ತದೆ. 'ನೋಂದಣಿ ಮಾಡಿದವರು', 'ನೋಂದಣಿ ಮಾಡದವರು'. ವ್ಯತ್ಯಾಸ ಒಂದು ಗುಡಿಸು ಮಾತ್ರ. ಕಾಗುಣಿತ ತಿದ್ದುವ ಸೌಲಭ್ಯ ಒಂದನ್ನು ಇನ್ನೊಂದರ ತಪ್ಪು ರೂಪ ಎಂದು ಹಿಡಿಯಬಹುದು. ಪ್ರತ್ಯಯ ಕತ್ತರಿಸುವ ಪ್ರೋಗ್ರಾಂ ಎರಡನ್ನೂ 'ಮಾಡು' ಎಂದು ಮಾಡಿಬಿಡುತ್ತದೆ. ಅದೇ ಪ್ರೋಗ್ರಾಂ 'ಬ್ರೆಜಿಲ್‌ನಿಂದ ಅಮೆರಿಕಕ್ಕೆ' ಎಂಬುದರಲ್ಲಿ 'ಇಂದ', 'ಕ್ಕೆ' ಎರಡನ್ನೂ ಕತ್ತರಿಸಿದರೆ, ಹೊರಟಿದ್ದು ಎಲ್ಲಿಂದ, ಹೋಗಿದ್ದು ಎಲ್ಲಿಗೆ ಎನ್ನುವುದೇ ಹೋಯಿತು. ಇಂಗ್ಲಿಷ್‌ನಲ್ಲೂ ಇಂಥದ್ದೇ ಪೆಟ್ಟು ಬೀಳುತ್ತಿತ್ತು. 2019ರಲ್ಲಿ ಗೂಗಲ್ ತನ್ನ ಸರ್ಚ್‌ಗೆ ಬರ್ಟ್ ಎಂಬ ಭಾಷಾ ಮಾದರಿ ಸೇರಿಸಿದಾಗ, ಬ್ರೆಜಿಲ್‌ನಿಂದ ಅಮೆರಿಕಕ್ಕೆ ಹೋಗುವವರ ವೀಸಾ ಪ್ರಶ್ನೆಯನ್ನೇ ಉದಾಹರಣೆಯಾಗಿ ಕೊಟ್ಟಿತು. ಅದಕ್ಕೆ ಮೊದಲು ಅಮೆರಿಕದಿಂದ ಬ್ರೆಜಿಲ್‌ಗೆ ಹೋಗುವವರ ಪುಟವೂ ಬರುತ್ತಿತ್ತು.

ನನಗೆ ತುಂಬಾ ಇಷ್ಟವಾದ ಉದಾಹರಣೆ 'ಸಾಲದ ಹಣ'. ಸಾಲ ತಂದ ಹಣವೂ ಆಗಬಹುದು, ಸಾಕಾಗದ ಹಣವೂ ಆಗಬಹುದು. ಇದನ್ನು ಕಂಡಾಕ್ಷಣ ಇಲ್ಲಿ ಎರಡು ಅರ್ಥ ಇದೆ ಎಂದು ಎದ್ದು ನಿಲ್ಲುವ ಕಣ್ಣು ಬೇಕು. ಆ ಕಣ್ಣು ನಿಮ್ಮ ಓದಿನಿಂದ ಬರುತ್ತದೆ. ತಂಡದಲ್ಲಿ ಅಂಥ ಒಬ್ಬರು ಇಲ್ಲದಿದ್ದರೆ, ತಪ್ಪು ಆಗುತ್ತಿದೆ ಎಂಬುದೇ ಯಾರಿಗೂ ಕಾಣುವುದಿಲ್ಲ.

ಎಲ್ಲಿಂದ ಶುರು ಮಾಡಲಿ ಎಂದೂ ಕೇಳಿದ್ದೀರಿ. ಪ್ರೋಗ್ರಾಮಿಂಗ್ ಸ್ವಲ್ಪ ಕಲಿಯಿರಿ, ಪೈಥಾನ್ ಸಾಕು. ಆದರೆ ಅದಕ್ಕೂ ಮೊದಲು ಒಂದು ಸಣ್ಣ ಪರೀಕ್ಷಾ ಸಂಗ್ರಹವನ್ನು ಕೈಯಾರೆ ಮಾಡಿ. 1960ರ ದಶಕದಲ್ಲಿ ಇಂಗ್ಲೆಂಡಿನ ಕ್ರ್ಯಾನ್‌ಫೀಲ್ಡ್‌ನಲ್ಲಿ ಸಿರಿಲ್ ಕ್ಲೆವರ್ಡನ್ ತೋರಿಸಿದ ದಾರಿ ಅದು. ವಿಮಾನ ವಿಜ್ಞಾನದ 1,400 ಬರಹಗಳು, 225 ಪ್ರಶ್ನೆಗಳು, ಯಾವ ಪ್ರಶ್ನೆಗೆ ಯಾವ ಬರಹ ಉತ್ತರ ಎಂದು ಜನರೇ ಕೊಟ್ಟ ತೀರ್ಪು. ನಿಮಗೆ 200 ಕನ್ನಡ ಲೇಖನ, 30 ಪ್ರಶ್ನೆ ಸಾಕು. ತೀರ್ಪನ್ನು ನೀವೊಬ್ಬರೇ ಕೊಡಬೇಡಿ, ಸ್ನೇಹಿತರೊಬ್ಬರ ಕೈಲೂ ಬೇರೆಯಾಗಿ ಕೊಡಿಸಿ. ನಿಮ್ಮಿಬ್ಬರ ತೀರ್ಪು ಬೇರೆಯಾದ ಪ್ರಶ್ನೆಗಳನ್ನು ಪಕ್ಕಕ್ಕಿಟ್ಟು ಕೂತು ಮಾತಾಡಿ. ಎಂಎ ಪ್ರಬಂಧಕ್ಕೆ ಆಗುವಷ್ಟು ವಿಷಯ ಅಲ್ಲೇ ಸಿಗುತ್ತದೆ. ಮುಂದೆ ಯಾವುದಾದರೂ ಸರ್ಚ್ ತಂಡಕ್ಕೆ ಸೇರಿದರೆ, ಮೊದಲ ದಿನವೇ ಸೊನ್ನೆ ಬಂದ ಹುಡುಕಾಟಗಳ ಪಟ್ಟಿಯನ್ನು ಕೇಳಿ ಇಸಿದುಕೊಳ್ಳಿ.