ಗಣಿತದ ತರಗತಿಗೆ ಚುಕ್ಕಿ ರಂಗೋಲಿ

ಪ್ರಶ್ನೆ: ಏಳನೇ ತರಗತಿಗೆ ಗಣಿತ ಕಲಿಸುತ್ತೇನೆ. ಮಕ್ಕಳ ಮನೆಯಲ್ಲೇ ಇರುವ ರಂಗೋಲಿಯನ್ನು ಪಾಠಕ್ಕೆ ತರಬೇಕೆಂದಿದ್ದೇನೆ. ಚಿತ್ರ ಬಿಡಿಸುವುದರಲ್ಲೇ ಪೀರಿಯಡ್ ಮುಗಿದುಹೋಗುತ್ತದೆ. ಏನು ಮಾಡಲಿ?

ಉತ್ತರ: ಗೆರೆ ಎಳೆಯುವ ಮೊದಲೇ ನಿಲ್ಲಿಸಿ, ಗಣಿತವೆಲ್ಲ ಚುಕ್ಕಿಯಲ್ಲೇ ಇದೆ. ‘7ರಿಂದ 1, ನೇರ ಚುಕ್ಕಿ’ (ಚುಕ್ಕಿಯ ನೇರ ಕೆಳಗೆ ಚುಕ್ಕಿ) ಸಾಲುಸಾಲಾಗಿ ಇಡಿಸಿ: 1, 3, 5, 7, 5, 3, 1. ಒಟ್ಟು ಎಷ್ಟೆಂದು ಎಣಿಸದೆ ಹೇಳಲು ಕೇಳಿ. 1+3+5+7 ಎಂದರೆ 16, ಉಳಿದ 5+3+1 ಎಂದರೆ 9. ಎರಡೂ ವರ್ಗಸಂಖ್ಯೆಗಳೇ! ಬೆಸಸಂಖ್ಯೆಗಳ ಮೊತ್ತದ ನಿಯಮವನ್ನು ಮಕ್ಕಳೇ ಹೇಳುವವರೆಗೆ ಕಾಯಿರಿ, ನೀವು ಹೇಳಿಬಿಡಬೇಡಿ.

ಆಮೇಲೆ ‘7ರಿಂದ 4, ಸಂದು ಚುಕ್ಕಿ’ (ಪಕ್ಕದ ಸಾಲಿನ ಎರಡು ಚುಕ್ಕಿಗಳ ಸಂದಿಗೆ ಒಂದು ಚುಕ್ಕಿ): 4, 5, 6, 7, 6, 5, 4. ನಡುವಿನ ಒಂದು ಚುಕ್ಕಿಯಿಂದ ಹೊರಕ್ಕೆ ಒಂದೊಂದು ಸುತ್ತಿಗೂ ಬೇರೆ ಬಣ್ಣದ ಸೀಮೆಸುಣ್ಣ ಕೊಡಿ. 1, 6, 12, 18, ಒಟ್ಟು 37. ಮುಂದಿನ ಸುತ್ತಿಗೆ 24 ಎಂದು ತಾವೇ ಊಹಿಸುತ್ತಾರೆ.

ಹೆಚ್ಚಾಗಿ ಕೆಡುವುದು ಇಲ್ಲೇ. ಚುಕ್ಕಿಗಳ ನಡುವೆ 4 ಸೆಂ.ಮೀ. ಬಿಟ್ಟವರು ಸಾಲುಗಳ ನಡುವೆಯೂ 4 ಬಿಡುತ್ತಾರೆ, ಚುಕ್ಕಿಗಳೆಲ್ಲ ಸೇರಿ ಆಗುವ ಷಟ್ಕೋನ ಉದ್ದುದ್ದವಾಗುತ್ತದೆ. ಸಾಲಿನ ಅಂತರ ಸುಮಾರು 3.5 ಇರಬೇಕು, ಅದು 4 ಸೆಂ.ಮೀ. ಸಮಬಾಹು ತ್ರಿಭುಜದ ಎತ್ತರ. ಪಾರದರ್ಶಕ ಹಾಳೆಯಲ್ಲಿ ನಕಲಿಸಿ 60 ಡಿಗ್ರಿ ತಿರುಗಿಸಿದರೆ ತಪ್ಪು ಕಣ್ಣಿಗೇ ಬೀಳುತ್ತದೆ.

ಮನೆಯಲ್ಲಿ ರಂಗೋಲಿ ಹಾಕದ ಮಕ್ಕಳಿಗೆ ನೆಲದ ಟೈಲ್ಸ್, ಚಾಪೆಯ ನೇಯ್ಗೆ, ಕಸೂತಿ ಯಾವುದಾದರೂ ಆದೀತು. ಹುಡುಗರಿಗೂ ಚುಕ್ಕಿ ಇಡಲು ಕೊಡಿ.