ಅಂಡಮಾನಿನ ಕ್ಷೇತ್ರ ಕೇಂದ್ರದಲ್ಲಿ ನಾಲ್ಕು ತಿಂಗಳು ಇರೋದು ಹೇಗಿರುತ್ತೆ?

ನೀವು ಕೇಳಿದ್ದು: ಕಾರವಾರದಲ್ಲಿ ಕಡಲ ಜೀವಶಾಸ್ತ್ರದ ಎಂ.ಎಸ್ಸಿ. ಮಾಡ್ತಿದ್ದೀರಿ, ಪ್ರಾಜೆಕ್ಟಿಗೆ ನಾಲ್ಕು ತಿಂಗಳು ಅಂಡಮಾನಿಗೆ ಹೋಗೋ ಅವಕಾಶ ಬಂದಿದೆ, ಮನೆಯಲ್ಲಿ ಹೆದರ್ತಿದ್ದಾರೆ, ಅಲ್ಲಿ ನಿಜವಾಗಿ ಏನಾದರೂ ಕಲಿಯೋಕಾಗುತ್ತಾ ಅಂತ.

ನಾನೂ ಕಾರವಾರದ ಕೋಡಿಬಾಗದಲ್ಲೇ ಓದಿದವಳು. ಕೊನೆಯ ಸೆಮಿಸ್ಟರಿಗೆ ಜನವರಿಯಿಂದ ಏಪ್ರಿಲ್‌ವರೆಗೆ ದಕ್ಷಿಣ ಅಂಡಮಾನಿನ ವಂಡೂರಿನಲ್ಲಿದ್ದೆ. ಖಂಡಿತ ಹೋಗಿ. ಆದರೆ ದಿನವಿಡೀ ಹವಳದ ನಡುವೆ ಈಜ್ತಾ ಇರ್ತೀವಿ ಅನ್ನೋ ಚಿತ್ರ ತಲೆಯಲ್ಲಿದ್ದರೆ ಅದನ್ನ ಇಲ್ಲೇ ಬಿಟ್ಟು ಹೋಗಿ. ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗಿ, ಒಂದೇ ಥರ ಎಣಿಸಿ, ಒಂದೇ ಥರ ಬರೆದಿಡೋದು, ಅಲ್ಲಿನ ಕೆಲಸ ಅಂದ್ರೆ ಅದು. ನನಗೆ ವಿಜ್ಞಾನ ಅಂದ್ರೇನು ಅಂತ ಅರ್ಥ ಆಗಿದ್ದೂ ಅದರಿಂದಲೇ.

ನಾನಿದ್ದ ಕೇಂದ್ರದ ಹೆಸರು ಅನೆಟ್, ಅಂದ್ರೆ ಅಂಡಮಾನ್ ನಿಕೋಬಾರ್ ಎನ್ವಿರಾನ್‌ಮೆಂಟ್ ಟೀಮ್. 1990ರಲ್ಲಿ ಮದ್ರಾಸ್ ಕ್ರೊಕೊಡೈಲ್ ಬ್ಯಾಂಕ್ ಅನ್ನೋ ಮೊಸಳೆ ಸಂರಕ್ಷಣಾ ಸಂಸ್ಥೆಯವರು ಶುರು ಮಾಡಿದ್ದು. ನಮ್ಮ ಬೆಂಗಳೂರಿನ ಪರಿಸರ ಸಂಸ್ಥೆ ದಕ್ಷಿಣ್ ಫೌಂಡೇಶನ್ ಕೂಡ ಅಲ್ಲಿ ಬಹಳ ವರ್ಷಗಳಿಂದ ಕೆಲಸ ಮಾಡ್ತಿದೆ. ಪಕ್ಕದಲ್ಲೇ ಲೋಹಾಬರಾಕ್ ಮೊಸಳೆ ಧಾಮ. ಎದುರಿನ ಸಮುದ್ರದಲ್ಲಿ 1983ರಲ್ಲಿ ಘೋಷಣೆಯಾದ ಮಹಾತ್ಮ ಗಾಂಧಿ ಕಡಲ ರಾಷ್ಟ್ರೀಯ ಉದ್ಯಾನ.

ನನ್ನ ವಿಷಯ ಕಡಲ ಹುಲ್ಲು. ಇದು ಪಾಚಿ ಅಲ್ಲ. ಬೇರು, ಎಲೆ, ಹೂವು ಎಲ್ಲಾ ಇರೋ ಗಿಡ. ಅಂಡಮಾನಿನ ರಾಜ್ಯಪ್ರಾಣಿ ಕಡಲಹಸುವಿಗೆ (ಡುಗಾಂಗ್) ಇದೇ ಮೇವು. ದಡದಿಂದ 50 ಮೀಟರ್ ಟೇಪ್ ಎಳೀಬೇಕು. ಐದೈದು ಮೀಟರಿಗೆ ಒಂದರಂತೆ, ಪೈಪಿನಿಂದ ಮಾಡಿದ ಅರ್ಧ ಮೀಟರ್ ಚೌಕ ಇಟ್ಟು, ಅದರೊಳಗೆ ಯಾವ ಹುಲ್ಲು ಎಷ್ಟಿದೆ ಅಂತ ಬರೀಬೇಕು. ಒಂದು ಸಾಲಿಗೆ 11 ಚೌಕ, ಅಂಥ ಮೂರು ಸಾಲು, ಒಟ್ಟು 33.

ಇದನ್ನೆಲ್ಲ ನೀರು ಇಳಿದಾಗಲೇ ಮಾಡಬೇಕು. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನ ದೊಡ್ಡ ಇಳಿತ ಸಿಕ್ಕರೆ ಹೆಚ್ಚು ಹೊತ್ತು ಸಿಗುತ್ತೆ. ಹಾಗಾಗಿ ಅಲ್ಲಿ ಗಡಿಯಾರಕ್ಕಿಂತ ಉಬ್ಬರ-ಇಳಿತದ ಪಟ್ಟಿಗೇ ಬೆಲೆ. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗ್ತಾ ಇರುತ್ತೆ, ಅದರ ಹಿಂದೆ ನಿಮ್ಮ ಊಟ, ನಿದ್ದೆ ಎರಡೂ ಹೋಗುತ್ತೆ. ಏಪ್ರಿಲ್‌ನಲ್ಲಿ ಅಲ್ಲಿ ಐದು ಗಂಟೆಗೆಲ್ಲ ಸೂರ್ಯ ಮೇಲೆ ಬಂದಿರ್ತಾನೆ. ನಾಲ್ಕಕ್ಕೆ ಎದ್ದು, ಚಹಾ ಕುಡಿದು, ಬೆಳಕು ಹರಿಯೋ ಹೊತ್ತಿಗೆ ದಡದಲ್ಲಿ ಇರ್ತಿದ್ವಿ. ರಾತ್ರಿ ಎಂಟೂವರೆಗೆ ಕಣ್ಣು ತಾನಾಗಿ ಮುಚ್ಚಿಕೊಳ್ತಿತ್ತು.

ಒಂದು ತಪ್ಪಿನ ವಿಷಯ ವಿವರವಾಗಿ ಹೇಳ್ತೀನಿ, ನಿಮಗೆ ಉಪಯೋಗವಾಗುತ್ತೆ. ಮೊದಲ ಎರಡು ವಾರ ನಾನು ಬರೆದಿದ್ದೆಲ್ಲ ಒಂದೇ ಹುಲ್ಲು, ಥಲಾಸಿಯಾ. ಕೇಂದ್ರದಲ್ಲಿ ಕೆಲಸ ಮಾಡೋ ಕರೆನ್ ಸಮುದಾಯದ ಒಬ್ಬ ಅಣ್ಣ ಜೊತೆಗೆ ಬರ್ತಿದ್ದರು. ಒಂದು ಬೆಳಿಗ್ಗೆ ಅವರು ನನ್ನ ಚೌಕದೊಳಗಿಂದ ಎರಡು ಎಲೆಗಳನ್ನ ಬೆರಳಲ್ಲೇ ಬೇರೆ ಮಾಡಿ, ಬಿಸಿಲಿಗೆ ಹಿಡಿದು, "ದೇಖೋ" ಅಂದರು. ಒಂದು ಎಲೆ ಸ್ವಲ್ಪ ಕುಡುಗೋಲಿನ ಹಾಗೆ ಬಾಗಿತ್ತು, ಮೈಮೇಲೆ ಪೆನ್ಸಿಲಿನಲ್ಲಿ ಗೀಚಿದ ಹಾಗೆ ಸಣ್ಣ ಕಪ್ಪು ಗೀರುಗಳಿದ್ದವು. ಅದು ಥಲಾಸಿಯಾ. ಇನ್ನೊಂದು ಸಪಾಟಾಗಿತ್ತು, ತುದಿ ದುಂಡಗಿತ್ತು, ಗೀರುಗಳಿಲ್ಲ. ಅದು ಸೈಮೊಡೋಸಿಯಾ. ಎರಡೂ ಒತ್ತೊತ್ತಾಗಿ ಬೆಳೆದಿದ್ದವು, ನಾನು ಮೇಲಿಂದ ನೋಡಿ ಒಂದೇ ಅಂದುಕೊಂಡಿದ್ದೆ. ಆ 33 ಚೌಕವನ್ನೂ ಮೊದಲಿನಿಂದ ಮಾಡಿದೆ. ಆಮೇಲೆ ಮಂಡಿಯೂರಿ, ಬುಡದವರೆಗೆ ಬೆರಳು ಹಾಕಿ ನೋಡದೆ ಒಂದು ಹೆಸರನ್ನೂ ಬರೆಯಲಿಲ್ಲ.

ಆ ಅಣ್ಣನಿಗೆ ಲ್ಯಾಟಿನ್ ಹೆಸರು ಬೇಕಿರಲಿಲ್ಲ. 1925ರಲ್ಲಿ ಬರ್ಮಾದಿಂದ ಬಂದು ಮಧ್ಯ ಅಂಡಮಾನಿನ ಮಾಯಾಬಂದರ್ ಹತ್ತಿರದ ವೇಬಿಯಲ್ಲಿ ನೆಲೆಸಿದ ಜನ ಈ ಕರೆನ್ನರು. ದೋಣಿ, ಕಾಡು, ದಡ ಎಲ್ಲಾ ಅವರಿಗೆ ಕರತಲಾಮಲಕ. ಇಂಥವರ ಹೆಸರು ನಮ್ಮ ಪ್ರಬಂಧಗಳ ಕೃತಜ್ಞತೆಯ ಪುಟದಲ್ಲಿ ಕೊನೆಯ ಸಾಲಿನಲ್ಲಿ ಬರೋದು ನನಗೆ ಇವತ್ತಿಗೂ ಸರಿ ಅನ್ನಿಸಲ್ಲ. ಅವರನ್ನ ಗುರುಗಳು ಅಂತಲೇ ತಿಳ್ಕೊಳ್ಳಿ, ಬೇಗ ಒಂದಿಷ್ಟು ಹಿಂದಿ ಕಲೀರಿ.

ವಂಡೂರಿನ ದಡದಲ್ಲಿ ನೀರಿನ ನಡುವೆ ಒಣಗಿ ನಿಂತ ದೊಡ್ಡ ಮರಗಳನ್ನ ನೋಡ್ತೀರಿ. 2004ರ ಭೂಕಂಪದಲ್ಲಿ ಈ ಭಾಗದ ನೆಲ ಸುಮಾರು ಒಂದು ಮೀಟರ್ ಕುಸಿಯಿತು, ಗದ್ದೆಗಳಿಗೆ ಉಪ್ಪುನೀರು ನುಗ್ಗಿತು. ಉತ್ತರ ಅಂಡಮಾನಿನಲ್ಲಿ ನೆಲ ಮೇಲೆದ್ದು ಹವಳದ ದಿಬ್ಬಗಳು ನೀರಿನಿಂದ ಹೊರಗೆ ಬಂದು ಸತ್ತವು. ಗದ್ದೆಯಾಗಿದ್ದ ಕೆಲವು ಕಡೆ ಈಗ ಕಾಂಡ್ಲಾ (ಮ್ಯಾಂಗ್ರೋವ್) ಸಸಿಗಳು ಬೇರು ಬಿಟ್ಟಿವೆ. ಹಿಂದೆ ಯಾರೋ ತಾಳ್ಮೆಯಿಂದ ಎಣಿಸಿಟ್ಟಿದ್ದರೆ ಮಾತ್ರ ಇಂಥ ಬದಲಾವಣೆಯನ್ನ ಅಳೆಯೋಕಾಗೋದು. ಲಿಟ್ಲ್ ಅಂಡಮಾನಿನಲ್ಲಿ ಚರ್ಮಬೆನ್ನಿನ ಕಡಲಾಮೆಗಳನ್ನ 2008ರಿಂದ ಪ್ರತಿ ವರ್ಷ ಎಣಿಸ್ತಾ ಬಂದಿದ್ದಾರೆ. ಉಪಗ್ರಹ ಟ್ಯಾಗ್ ಹಾಕಿದ ಕೆಲವು ಆಮೆಗಳು ಆಸ್ಟ್ರೇಲಿಯಾದ ಕಡೆ ಹೋದವು, ಇನ್ನು ಕೆಲವು ಹಿಂದೂ ಮಹಾಸಾಗರ ದಾಟಿ ಆಫ್ರಿಕಾದ ಕಡೆ ಹೋದವು. ನಮ್ಮ ಹೊನ್ನಾವರದ ಕಡೆ ಮೊಟ್ಟೆಯಿಡೋ ಆಲಿವ್ ರಿಡ್ಲಿಯನ್ನಷ್ಟೇ ನೋಡಿದ್ದ ನನಗೆ ಆ ದೂರ ಕೇಳಿ ಮೈ ಜುಮ್ಮೆಂದಿತ್ತು.

ಮನೆಯವರ ಹೆದರಿಕೆಗೆ ಬರೋಣ. ಮೊಸಳೆ ಇರೋದು ನಿಜ. ಕೊಲ್ಲಿಯ ನೀರಿಗೆ, ಕಾಂಡ್ಲಾ ಅಂಚಿಗೆ ಒಬ್ಬರೇ ಇಳಿಯೋ ಹಾಗಿಲ್ಲ, ಕತ್ತಲಲ್ಲಂತೂ ಇಲ್ಲವೇ ಇಲ್ಲ. ನೀವು ಬಗ್ಗಿ ಎಣಿಸುವಾಗ ಇನ್ನೊಬ್ಬರು ನೀರಿನ ಕಡೆ ಕಣ್ಣಿಟ್ಟು ನಿಂತಿರಬೇಕು. ಈ ನಿಯಮವನ್ನ ನಾಲ್ಕು ತಿಂಗಳಲ್ಲಿ ನಾವು ಒಂದು ಸಲವೂ ಮುರಿಯಲಿಲ್ಲ. ಗಟ್ಟಿ ಅಡಿಯ ಶೂ ಇಲ್ಲದೆ ಕಾಲಿಡಬೇಡಿ, ಕಲ್ಲುಮೀನಿನ ಮುಳ್ಳು ಬಹಳ ಕೆಟ್ಟದ್ದು. ಮರಳುನೊಣ ಕಚ್ಚಿದ ಕಡೆ ಕೆರೆದುಕೊಂಡರೆ ಹುಣ್ಣಾಗುತ್ತೆ, ತೆಂಗಿನೆಣ್ಣೆ ಹಚ್ಚಿಕೊಂಡು ಹೋಗ್ತಿದ್ದೆ. ಫೋನ್ ಸಿಗುತ್ತೆ, 2020ರಲ್ಲಿ ಚೆನ್ನೈಯಿಂದ ಸಮುದ್ರದಡಿ ಕೇಬಲ್ ಬಂದ ಮೇಲೆ ದ್ವೀಪಗಳ ಇಂಟರ್ನೆಟ್ ಎಷ್ಟೋ ವಾಸಿ. ಅಮ್ಮನಿಗೆ ಸಂಜೆ ಒಂದು ಹೊತ್ತು ಗೊತ್ತು ಮಾಡಿ, ಅದೇ ಹೊತ್ತಿಗೆ ಫೋನ್ ಮಾಡಿ. ನನ್ನ ಅಮ್ಮನಿಗೆ ಧೈರ್ಯ ಬಂದಿದ್ದು ಹಾಗೆ.

ಹವಳ, ಕಡಲ ಸೌತೆ, ದೈತ್ಯ ಚಿಪ್ಪು ಇವೆಲ್ಲ ವನ್ಯಜೀವಿ ಕಾಯ್ದೆಯಡಿ ರಕ್ಷಿತ, ಸತ್ತ ಚೂರನ್ನೂ ನೆನಪಿಗೆ ಅಂತ ತರೋ ಹಾಗಿಲ್ಲ. ಉದ್ಯಾನದೊಳಗೆ ಕೆಲಸ ಮಾಡೋದಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು, ಅದಕ್ಕೆ ತಿಂಗಳುಗಟ್ಟಲೆ ಹಿಡಿಯಬಹುದು. ಜನವರಿಗೆ ಹೊರಡೋದಾದರೆ ಅರ್ಜಿಯ ಕೆಲಸ ಈಗಲೇ ಶುರು ಮಾಡಿ. ಪ್ರಾಜೆಕ್ಟಿನ ಕರಡು ಇದ್ದರೆ ಇಲ್ಲಿ ಹಾಕಿ, ಓದಿ ಹೇಳ್ತೀನಿ. ಎಷ್ಟು ಚೌಕ, ಯಾವ ಇಳಿತಕ್ಕೆ ಅನ್ನೋದನ್ನ ಅದರಲ್ಲಿ ಮರೀದೆ ಬರೀರಿ.